ಪ್ಯಾರಿಸ್‌ನಲ್ಲಿ ಕೊಟ್ಟ ಮಾತು ದೇಶದ ಕೋರ್ಟಿನಲ್ಲಿ ನಡೆಯುತ್ತಾ?

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಮೂರನೇ ರನ್‌ವೇ ಬೇಕೋ ಬೇಡವೋ ಎಂಬ ಜಗಳ 2020ರಲ್ಲಿ ಎರಡು ದೊಡ್ಡ ಕೋರ್ಟುಗಳ ಮುಂದೆ ಬಂತು. ಸರ್ಕಾರ ರನ್‌ವೇ ನೀತಿ ಮಾಡುವಾಗ, ಹವಾಮಾನ ಬದಲಾವಣೆ ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಹಾಗಾಗಿ ಆ ನೀತಿ ಕಾನೂನಿಗೆ ವಿರುದ್ಧ ಎಂದು ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಪರಿಸರದವರು ಸಂಭ್ರಮಿಸಿದರು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಎರಡೂ ಕಡೆ ವಾದ ಬಂದು ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ಒಂದು ದೇಶ ಒಪ್ಪಂದಕ್ಕೆ ಸಹಿ ಹಾಕಿ ಅದನ್ನು ಅನುಮೋದಿಸಿದರೆ, ಅಷ್ಟಕ್ಕೇ ಅದು ‘ಸರ್ಕಾರದ ನೀತಿ’ ಆಗಿಬಿಡುತ್ತಾ? ಮೊದಲ ಕೋರ್ಟ್ ಹೌದು ಅಂದಿತು. ಸುಪ್ರೀಂ ಕೋರ್ಟ್ ಇಲ್ಲ ಅಂದಿತು. ಸರ್ಕಾರ ಯೋಚಿಸಿ, ಬರೆದು, ಪ್ರಕಟಿಸಿದ್ದು ಮಾತ್ರ ನೀತಿ. ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟದ್ದಾಗಲಿ, ಮಂತ್ರಿಗಳು ಅದರ ಬಗ್ಗೆ ಆಡಿದ ಮಾತಾಗಲಿ ಅದಕ್ಕೆ ಸಮವಲ್ಲ ಎಂಬುದು ಅದರ ನಿಲುವು.

ಪ್ರಪಂಚದ ಎದುರು ಕೊಟ್ಟ ಮಾತು ಒಂದು. ಅದೇ ಮಾತಿಗೆ ತನ್ನ ದೇಶದ ನ್ಯಾಯಾಧೀಶರ ಮುಂದೆ ಇರುವ ಬೆಲೆ ಇನ್ನೊಂದು. ಹವಾಮಾನದ ಸುದ್ದಿ ಓದುವಾಗ ನಾವು ಹೆಚ್ಚಾಗಿ ಮೊದಲನೆಯದನ್ನೇ ನೋಡುತ್ತೇವೆ. ಎಷ್ಟು ಶೇಕಡಾ, ಯಾವ ಇಸವಿ, ಯಾವ ಶೃಂಗಸಭೆ ಅಂತ. ನನ್ನ ಪ್ರಕಾರ ನಿಜವಾದ ತೂಕ ಇರುವುದು ಎರಡನೆಯದರಲ್ಲಿ. ಯಾಕೆಂದರೆ ಶೃಂಗಸಭೆಯಲ್ಲಿ ಮಾತು ಕೊಟ್ಟವರು 2050ಕ್ಕೆ ಅಧಿಕಾರದಲ್ಲಿ ಇರುವುದಿಲ್ಲ. ಕಾನೂನಿನ ಪುಸ್ತಕದಲ್ಲಿ ಬರೆದದ್ದು ಮಾತ್ರ ಅವರ ನಂತರವೂ ಉಳಿಯುತ್ತದೆ.

ಒಪ್ಪಂದ ಕಟ್ಟಿಹಾಕಿದ್ದು ಎಷ್ಟನ್ನು?

ಪ್ಯಾರಿಸ್ ಒಪ್ಪಂದ 2015ರ ಡಿಸೆಂಬರ್ 12ರಂದು ಆಯಿತು. 2016ರ ನವೆಂಬರ್ 4ರಿಂದ ಜಾರಿಗೆ ಬಂತು. ಅದರ ನಾಲ್ಕನೇ ವಿಧಿಯನ್ನು ನಿಧಾನವಾಗಿ ಓದಬೇಕು. ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿ, ಸಿದ್ಧಪಡಿಸಿ, ವಿಶ್ವಸಂಸ್ಥೆಗೆ ಒಪ್ಪಿಸಬೇಕು. ಇದನ್ನೇ ಎನ್‌ಡಿಸಿ ಅನ್ನುತ್ತಾರೆ. ಐದು ವರ್ಷಕ್ಕೊಮ್ಮೆ ಹೊಸದನ್ನು ಕೊಡಬೇಕು. ಹೊಸದು ಹಳೆಯದಕ್ಕಿಂತ ಮುಂದೆ ಹೋಗಿರಬೇಕು. ಗುರಿ ಮುಟ್ಟುವ ಉದ್ದೇಶದಿಂದ ದೇಶದೊಳಗೆ ಕ್ರಮ ಕೈಗೊಳ್ಳಬೇಕು. ಇಷ್ಟು ಕಡ್ಡಾಯ. ಆದರೆ ಗುರಿಯನ್ನು ಮುಟ್ಟಲೇಬೇಕು ಎಂದು ಎಲ್ಲೂ ಬರೆದಿಲ್ಲ. ಅದನ್ನು ಬೇಕೆಂದೇ ಬಿಟ್ಟರು. ಬರೆದಿದ್ದರೆ ಸುಮಾರು ಇನ್ನೂರು ದೇಶಗಳು ಒಂದೇ ಕಾಗದಕ್ಕೆ ಒಪ್ಪುತ್ತಿರಲಿಲ್ಲ.

ಕಡ್ಡಾಯ ಎಂದು ಬರೆದದ್ದನ್ನು ತಪ್ಪಿಸಿದರೂ ಶಿಕ್ಷೆ ಇಲ್ಲ. ಪಾಲನೆಯನ್ನು ನೋಡಿಕೊಳ್ಳುವ ಸಮಿತಿಯೊಂದು ಇದೆ, ಆದರೆ ಅದು ನೆರವಾಗಬೇಕೇ ಹೊರತು ದಂಡಿಸಬಾರದು ಎಂದು ಒಪ್ಪಂದವೇ ಹೇಳುತ್ತದೆ. 2035ರ ಗುರಿಗಳನ್ನು ಒಪ್ಪಿಸಲು 2025ರ ಫೆಬ್ರವರಿ ಗಡುವು ಇತ್ತು. ಬಹುತೇಕ ದೇಶಗಳು ಅದನ್ನು ಮೀರಿದವು. ಯಾರಿಗೂ ಏನೂ ಆಗಲಿಲ್ಲ.

ಹಾಗಾದರೆ ಬಿಗಿ ಎಲ್ಲಿಂದ ಬರಬೇಕು? ದೇಶದೊಳಗಿಂದಲೇ. ಆದರೆ ಒಪ್ಪಂದ ದೇಶದೊಳಗೆ ಬರುವ ದಾರಿ ಎಲ್ಲ ಕಡೆ ಒಂದೇ ತರ ಇಲ್ಲ. ಬ್ರಿಟನ್, ಭಾರತ, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಸಂಸತ್ತು ಕಾನೂನು ಮಾಡುವವರೆಗೆ ಒಪ್ಪಂದ ಹೊರಗೇ ನಿಂತಿರುತ್ತದೆ. ನೆದರ್ಲೆಂಡ್ಸ್, ಫ್ರಾನ್ಸ್, ಕೀನ್ಯಾದಂಥ ಕಡೆ ಒಪ್ಪಿಗೆ ಕೊಟ್ಟ ಒಪ್ಪಂದ ದೇಶದ ಕಾನೂನಿನ ಭಾಗವೇ ಆಗುತ್ತದೆ. ಕೇಳಲು ಎರಡನೆಯದೇ ಒಳ್ಳೆಯದು ಅನ್ನಿಸುತ್ತೆ, ಅಲ್ವಾ? ನಡೆದದ್ದು ಬೇರೆ. ಫ್ರಾನ್ಸಿನ ಉತ್ತರ ಕರಾವಳಿಯ ಗ್ರಾಂದ್-ಸಾಂತ್ ಎಂಬ ಊರು ಸಮುದ್ರ ಏರುತ್ತಿದೆ ಎಂದು ಸರ್ಕಾರದ ಮೇಲೆ ಕೇಸು ಹಾಕಿತು. ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರಲ್ಲಿ ಹೇಳಿದ್ದು: ಪ್ಯಾರಿಸ್ ಒಪ್ಪಂದವನ್ನೇ ಹಿಡಿದು ಪ್ರಜೆಯೊಬ್ಬ ನೇರವಾಗಿ ಹಕ್ಕು ಕೇಳಲು ಆಗುವುದಿಲ್ಲ. ಆದರೆ ಫ್ರಾನ್ಸಿನದೇ ಕಾನೂನನ್ನು ಅರ್ಥ ಮಾಡುವಾಗ ಆ ಒಪ್ಪಂದವನ್ನು ಗಮನದಲ್ಲಿ ಇಡಲೇಬೇಕು. ಆ ಕಾನೂನಿನಲ್ಲಿ 2030ಕ್ಕೆ ಹೊರಬೀಳುವ ಇಂಗಾಲದಲ್ಲಿ 40 ಶೇಕಡಾ ಇಳಿಕೆ ಎಂಬ ಗುರಿ ಇತ್ತು. ಅದನ್ನು ಮುಟ್ಟಲು ಇನ್ನಷ್ಟು ಕ್ರಮ ತೆಗೆದುಕೊಳ್ಳಿ ಎಂದು 2021ರಲ್ಲಿ ಆದೇಶ ಬಂತು. ಅಂದರೆ ಒಪ್ಪಂದ ಸೀದಾ ಒಳಗೆ ಬರುವ ದೇಶದಲ್ಲೂ ಕೊನೆಗೆ ಕೆಲಸಕ್ಕೆ ಬಂದದ್ದು ಸ್ವಂತ ಕಾನೂನಿನ ಸೆಕ್ಷನ್.

ಕಾನೂನು ಇದ್ದರೂ ಸಾಲದು

ಕೆನಡಾದ ಕಥೆ ಹಳೆಯದು, ಆದರೆ ಇವತ್ತಿಗೂ ಪಾಠವಾಗಿ ನಿಂತಿದೆ. ಪ್ಯಾರಿಸ್‌ಗಿಂತ ಮೊದಲಿನ ಹವಾಮಾನ ಒಪ್ಪಂದವಾದ ಕ್ಯೋಟೊದ ಪ್ರಕಾರ ಆ ದೇಶ 1990ರ ಮಟ್ಟಕ್ಕಿಂತ 6 ಶೇಕಡಾ ಕಡಿಮೆ ಇಂಗಾಲ ಉಗುಳಬೇಕಿತ್ತು. 2007ರಲ್ಲಿ ವಿರೋಧ ಪಕ್ಷಗಳು ಸೇರಿ ಸಂಸತ್ತಿನಲ್ಲಿ ಕ್ಯೋಟೊ ಜಾರಿ ಕಾನೂನನ್ನೇ ಪಾಸು ಮಾಡಿಸಿದವು. ಪ್ರತಿ ವರ್ಷ ಮಂತ್ರಿ ಒಂದು ಯೋಜನೆ ಕೊಡಬೇಕು, ಆ ಯೋಜನೆ ಕ್ಯೋಟೊ ಗುರಿ ಮುಟ್ಟುವಂತಿರಬೇಕು. ಸರ್ಕಾರ ಯೋಜನೆ ಕೊಟ್ಟಿತು. ಗುರಿ ಮುಟ್ಟುವುದಿಲ್ಲ ಎಂದು ಆ ಯೋಜನೆಯಲ್ಲೇ ಬರೆಯಿತು! ಕೋರ್ಟಿಗೆ ಹೋದವರಿಗೆ 2008ರಲ್ಲಿ ಸಿಕ್ಕ ಉತ್ತರ: ಈ ಕಾನೂನಿನ ರಚನೆ ನೋಡಿದರೆ ಸರ್ಕಾರ ಉತ್ತರ ಕೊಡಬೇಕಾದ್ದು ಸಂಸತ್ತಿಗೆ, ಕೋರ್ಟಿಗಲ್ಲ, ಇದು ನಾವು ತೀರ್ಮಾನಿಸುವ ವಿಷಯವೇ ಅಲ್ಲ. 2011ರ ಕೊನೆಗೆ ಕೆನಡಾ ಕ್ಯೋಟೊದಿಂದಲೇ ಹೊರಬರುವುದಾಗಿ ಘೋಷಿಸಿತು. ಮರುವರ್ಷ ಆ ಕಾನೂನೂ ರದ್ದಾಯಿತು.

ಇದರ ಪಕ್ಕದಲ್ಲಿ ಬ್ರಿಟನ್ನಿನ 2008ರ ಹವಾಮಾನ ಬದಲಾವಣೆ ಕಾಯ್ದೆಯನ್ನು ಇಟ್ಟು ನೋಡಿ. ಅದರ ಮೊದಲ ಸೆಕ್ಷನ್ನೇ ಕರ್ತವ್ಯವನ್ನು ಒಬ್ಬರ ತಲೆಗೆ ಕಟ್ಟುತ್ತದೆ. 2050ರ ಗುರಿ ಈಡೇರುವಂತೆ ನೋಡಿಕೊಳ್ಳುವುದು ಮಂತ್ರಿಯ ಕರ್ತವ್ಯ. ಮೊದಲು ಗುರಿ 80 ಶೇಕಡಾ ಇಳಿಕೆ ಇತ್ತು. 2019ರಲ್ಲಿ ಅದನ್ನು ನೆಟ್ ಝೀರೊಗೆ, ಅಂದರೆ ಹೊರಬಿಟ್ಟಷ್ಟನ್ನೂ ಮತ್ತೆ ಹೀರಿಕೊಳ್ಳುವ ಮಟ್ಟಕ್ಕೆ, ಏರಿಸಿದರು. ಎಷ್ಟು ಇಂಗಾಲ ಹೊರಬಿಡಬಹುದು ಎಂಬ ಮಿತಿ ಹಾಕುವ, ಐದೈದು ವರ್ಷದ ಇಂಗಾಲ ಬಜೆಟ್ಟುಗಳಿವೆ. ಸರ್ಕಾರದಿಂದ ಹೊರಗಿರುವ ತಜ್ಞರ ಸಮಿತಿ ಇದೆ. ಬಜೆಟ್ಟಿನೊಳಗೆ ಹೇಗೆ ಇರುತ್ತೇವೆ ಎಂಬ ವರದಿಯನ್ನು ಸಂಸತ್ತಿನ ಮುಂದೆ ಇಡಬೇಕು.

ಈ ಏರ್ಪಾಡು ಕೆಲಸ ಮಾಡಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ ತನ್ನ ನೆಟ್ ಝೀರೊ ಕಾರ್ಯತಂತ್ರವನ್ನು ಹೊರತಂದಿತು. 2033ರಿಂದ 2037ರವರೆಗಿನ ಬಜೆಟ್ಟಿಗೆ ಬೇಕಾದ ಇಳಿಕೆ ಇದರಿಂದ ಆಗುತ್ತದೆ ಎಂಬುದು ಸರ್ಕಾರದ ಮಾತು. ಇದನ್ನು ಪ್ರಶ್ನಿಸಿದ ಕೇಸು ನಡೆಯುವಾಗ ಒಳಗಿನ ಲೆಕ್ಕ ಹೊರಗೆ ಬಂತು. ಅಧಿಕಾರಿಗಳು ಅಂಕಿಯಲ್ಲಿ ಹಿಡಿದು ಕೂಡಿದ ಯೋಜನೆಗಳೆಲ್ಲ ಸೇರಿ ಆಗುತ್ತಿದ್ದದ್ದು ಬೇಕಾದುದರ 95 ಶೇಕಡಾ ಮಾತ್ರ. ಉಳಿದ 5 ಶೇಕಡಾ ಇನ್ನೂ ಲೆಕ್ಕ ಹಾಕದ ಕ್ರಮಗಳಿಂದ ಬರುತ್ತದೆ ಎಂಬ ಅಂದಾಜು. ಯಾವ ಯೋಜನೆಯಿಂದ ಎಷ್ಟು ಇಳಿಯುತ್ತದೆ ಎಂಬ ಬಿಡಿ ಲೆಕ್ಕವನ್ನು ಸಹಿ ಹಾಕುವ ಮಂತ್ರಿಗೆ ತೋರಿಸಿರಲಿಲ್ಲ. 95ರ ಅಂಕಿಯನ್ನು ಸಂಸತ್ತಿಗೂ ಹೇಳಿರಲಿಲ್ಲ.

2022ರ ಜುಲೈನಲ್ಲಿ ಹೈಕೋರ್ಟ್ ಇದನ್ನು ಕಾನೂನುಬಾಹಿರ ಎಂದಿತು. ಬಿಡಿ ಲೆಕ್ಕ ನೋಡದೆ ಗುರಿ ಮುಟ್ಟುತ್ತೇವೆ ಎಂದು ಮಂತ್ರಿ ತೃಪ್ತಿಪಟ್ಟದ್ದು ಹೇಗೆ ಎಂಬುದು ಕೋರ್ಟಿನ ಪ್ರಶ್ನೆ. ಸರ್ಕಾರ ತಿದ್ದಿದ ಯೋಜನೆ ತಂದಿತು. 2024ರ ಮೇ ತಿಂಗಳಲ್ಲಿ ಅದೂ ಬಿದ್ದುಹೋಯಿತು. ಎಲ್ಲ ಯೋಜನೆಗಳೂ ನೂರಕ್ಕೆ ನೂರು ಈಡೇರುತ್ತವೆ ಎಂದು ಹಿಡಿದುಕೊಂಡಿದ್ದರು, ಯಾವುದು ಕೈಕೊಡಬಹುದು ಎಂಬ ಮಾಹಿತಿ ಮಂತ್ರಿಯ ಮುಂದೆ ಸಾಕಷ್ಟು ಇರಲಿಲ್ಲ.

ಇಲ್ಲಿ ಕೋರ್ಟ್ ಯಾವ ಕಲ್ಲಿದ್ದಲು ಸ್ಥಾವರವನ್ನೂ ಮುಚ್ಚಿಸಲಿಲ್ಲ. ಯಾವ ನೀತಿ ಒಳ್ಳೆಯದು ಎಂದೂ ಹೇಳಲಿಲ್ಲ. ಲೆಕ್ಕ ತೋರಿಸಿ ಅಂದಿತು, ಅಷ್ಟೇ. ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಹವಾಮಾನದ ಮಾತುಗಳು ಸಾಮಾನ್ಯವಾಗಿ ಹಾಳಾಗುವುದು ದೊಡ್ಡ ದ್ರೋಹಗಳಿಂದಲ್ಲ. ಕೂಡಿಸದೇ ಬಿಟ್ಟ ಅಂಕಿಗಳಿಂದ.

ಅದೇ ದೇಶದಲ್ಲಿ, ಕಾಯ್ದೆಯ ಹೊರಗಿನ ವಿಷಯ ಬಂದಾಗ ಕೋರ್ಟಿನ ದನಿ ಬದಲಾಯಿತು. ಮೊಜಾಂಬಿಕ್‌ನ ಅನಿಲ ಯೋಜನೆಗೆ ಬ್ರಿಟನ್ ಸರ್ಕಾರ 115 ಕೋಟಿ ಡಾಲರ್ ಸಾಲ ಮತ್ತು ಖಾತರಿ ಕೊಡಲು ಹೊರಟಿತ್ತು. ಇದು ಪ್ಯಾರಿಸ್ ಒಪ್ಪಂದಕ್ಕೆ ಹೊಂದುತ್ತದೆ ಎಂದೂ ಹೇಳಿಕೊಂಡಿತ್ತು. ಒಪ್ಪಂದ ನಮ್ಮ ಕಾನೂನಿಗೆ ಇಳಿದಿಲ್ಲ, ಹಾಗಾಗಿ ಸರ್ಕಾರದ ಅರ್ಥ ಸರಿಯೇ ಎಂದು ನಾವು ನೋಡುವುದಿಲ್ಲ, ಹಾಗೆ ಅರ್ಥ ಮಾಡಲು ಸಾಧ್ಯವೇ ಎಂದಷ್ಟೇ ನೋಡುತ್ತೇವೆ ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಸರ್ಕಾರ ಗೆದ್ದಿತು.

ನಡುವಿನ ವರ್ಷಗಳು

ಸರ್ಕಾರಗಳಿಗೆ ದೂರದ ಇಸವಿ ಇಷ್ಟ. ಹತ್ತಿರದ ಇಸವಿ ಕಷ್ಟ. ಜರ್ಮನಿಯ 2019ರ ಕಾನೂನಿನಲ್ಲಿ 2030ಕ್ಕೆ 55 ಶೇಕಡಾ ಇಳಿಕೆ ಎಂದಿತ್ತು. ಅದರಾಚೆ ಏನು ಎಂಬುದು ಸರಿಯಾಗಿ ಇರಲಿಲ್ಲ. ಯುವಜನರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. 2021ರಲ್ಲಿ ಬಂದ ತೀರ್ಪಿನ ತರ್ಕ ನೇರವಾಗಿದೆ. ಈಗಿನವರು ಇಂಗಾಲದ ಪಾಲನ್ನು ಜಾಸ್ತಿ ಖರ್ಚು ಮಾಡಿದರೆ, 2030ರ ನಂತರದವರು ಬದುಕಿನ ಪ್ರತಿ ಮೂಲೆಯಲ್ಲೂ ಹಿಡಿತ ಅನುಭವಿಸಬೇಕಾಗುತ್ತದೆ. ಅದು ಅವರ ಸ್ವಾತಂತ್ರ್ಯಕ್ಕೆ ಇವತ್ತೇ ಬೀಳುವ ಪೆಟ್ಟು. ಕೆಲವೇ ತಿಂಗಳಲ್ಲಿ ಸಂಸತ್ತು 2030ರ ಗುರಿಯನ್ನು 65 ಶೇಕಡಾಕ್ಕೆ ಏರಿಸಿತು, ನೆಟ್ ಝೀರೊ ಇಸವಿಯನ್ನು 2045ಕ್ಕೆ ತಂದಿತು. ಆದರೆ 2024ರಲ್ಲಿ ಅದೇ ಸಂಸತ್ತು ಸಾರಿಗೆ, ಕಟ್ಟಡ ಎಂದು ವಲಯವಾರು ಇದ್ದ ವಾರ್ಷಿಕ ಬಿಗಿಯನ್ನು ಸಡಿಲಿಸಿತು. ಕಾನೂನು ಮಾಡಿದವರಿಗೆ ಅದನ್ನು ತಿದ್ದಲೂ ಬರುತ್ತದೆ.

ದಕ್ಷಿಣ ಕೊರಿಯಾದಲ್ಲೂ ಹೀಗೇ ಆಯಿತು. ಕಾನೂನಿನಲ್ಲಿ 2030ರ ಗುರಿ ಇತ್ತು, 2050ರ ಗುರಿ ಇತ್ತು. 2031ರಿಂದ 2049ರವರೆಗೆ ಖಾಲಿ. ಆ ಖಾಲಿ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು 2024ರ ಆಗಸ್ಟ್ 29ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿತು. 2030ರ ಗುರಿಯೇ ಕಡಿಮೆಯಾಯಿತು ಎಂಬ ವಾದವನ್ನು ಮಾತ್ರ ಒಪ್ಪಲಿಲ್ಲ. ಗುರಿ ಎಷ್ಟಿರಬೇಕು ಎಂದು ಹೇಳಲು ನ್ಯಾಯಾಧೀಶರು ಹಿಂಜರಿಯುತ್ತಾರೆ. ಗುರಿಯೇ ಇಲ್ಲದ ಜಾಗ ಸಿಕ್ಕರೆ ಬೆರಳು ಇಡುತ್ತಾರೆ.

ಕಾನೂನೇ ಇಲ್ಲದ ಕಡೆ

ಇಲ್ಲಿ ಹಕ್ಕುಗಳ ದಾರಿ ತೆರೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಉರ್ಗೆಂಡಾ ಎಂಬ ಪರಿಸರ ಸಂಸ್ಥೆ ಹಾಕಿದ ಕೇಸು ಎಲ್ಲರಿಗೂ ಗೊತ್ತಿರುವಂಥದ್ದು. 30 ಶೇಕಡಾ ಎಂದುಕೊಂಡಿದ್ದ ಗುರಿಯನ್ನು ಸರ್ಕಾರ 20ಕ್ಕೆ ಇಳಿಸಿತ್ತು. ಜೀವದ ಹಕ್ಕು, ಕುಟುಂಬ ಜೀವನದ ಹಕ್ಕುಗಳ ಆಧಾರದ ಮೇಲೆ ಕನಿಷ್ಠ 25 ಶೇಕಡಾ ಇಳಿಸಲೇಬೇಕು ಎಂದು 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಬ್ರೆಜಿಲ್‌ನ ಸುಪ್ರೀಂ ಕೋರ್ಟ್ 2022ರಲ್ಲಿ ಇನ್ನೂ ಒಂದು ಹೆಜ್ಜೆ ಹೋಯಿತು. ಹವಾಮಾನ ನಿಧಿಯನ್ನು ಸರ್ಕಾರ ನಡೆಸದೆ ಬಿಟ್ಟಿತ್ತು. ಪರಿಸರದ ಒಪ್ಪಂದಗಳು ಮಾನವ ಹಕ್ಕುಗಳ ಒಪ್ಪಂದಗಳ ಜಾತಿಗೇ ಸೇರಿದವು, ಆದ್ದರಿಂದ ಸಾಮಾನ್ಯ ಕಾನೂನಿಗಿಂತ ಮೇಲೆ, ಸಂವಿಧಾನಕ್ಕಿಂತ ಕೆಳಗೆ ಎಂದು ಕೋರ್ಟ್ ಸ್ಥಾನ ಕೊಟ್ಟಿತು.

ಲಾಹೋರ್ ಹೈಕೋರ್ಟಿನ 2015ರ ಆದೇಶದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ರೈತರೊಬ್ಬರು ಹಾಕಿದ ಕೇಸು. ಪಾಕಿಸ್ತಾನ 2012ರಲ್ಲೇ ಹವಾಮಾನ ನೀತಿ ಬರೆದಿತ್ತು, ಕಾರ್ಯಚೌಕಟ್ಟೂ ಇತ್ತು. ಕೆಲಸ ಮಾತ್ರ ನಡೆದಿರಲಿಲ್ಲ. ಬರೆದ ನೀತಿಯನ್ನು ಜಾರಿ ಮಾಡದೆ ಕೂರುವುದೇ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದಿತು ಕೋರ್ಟ್. ಪ್ರತಿ ಸಚಿವಾಲಯವೂ ಒಬ್ಬ ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕು ಎಂದು ಹೇಳಿ ಒಂದು ಆಯೋಗವನ್ನೂ ರಚಿಸಿತು. 2018ರ ಹೊತ್ತಿಗೆ ಆದ್ಯತೆಯ ಕೆಲಸಗಳಲ್ಲಿ ಸುಮಾರು ಮೂರನೇ ಎರಡರಷ್ಟು ಆಗಿತ್ತು.

ಭಾರತದ ಸ್ಥಿತಿ, ಕಾನೂನು ಇರುವ ದೇಶಗಳು ಮತ್ತು ಹಕ್ಕುಗಳ ದಾರಿ ಹಿಡಿದ ದೇಶಗಳು, ಇವೆರಡರ ನಡುವೆ ಇದೆ. ಪ್ಯಾರಿಸ್ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 2016ರ ಅಕ್ಟೋಬರ್ 2ರಂದು. 2022ರ ಆಗಸ್ಟ್‌ನಲ್ಲಿ ತಿದ್ದಿದ ಗುರಿಗಳ ಪ್ರಕಾರ, 2005ಕ್ಕೆ ಹೋಲಿಸಿದರೆ ಜಿಡಿಪಿಯ ಪ್ರತಿ ಘಟಕಕ್ಕೆ ಹೊರಬೀಳುವ ಇಂಗಾಲ 2030ಕ್ಕೆ 45 ಶೇಕಡಾ ಇಳಿಯಬೇಕು. ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲ, ತೈಲದ ಹೊರಗಿನಿಂದ ಬರಬೇಕು. ಈ ಎರಡನೇ ಗುರಿಯನ್ನು ಭಾರತ 2025ರಲ್ಲೇ ಮುಟ್ಟಿತು. 2070ಕ್ಕೆ ನೆಟ್ ಝೀರೊ ಎಂಬ ಮಾತು 2021ರಲ್ಲಿ ಗ್ಲಾಸ್ಗೊದಲ್ಲಿ ಬಂತು. ಇವೆಲ್ಲ ಸಂಪುಟದ ತೀರ್ಮಾನಗಳು. ಸಂಸತ್ತು ಪಾಸು ಮಾಡಿದ ಹವಾಮಾನ ಕಾಯ್ದೆ ಇಲ್ಲ.

ಸಂವಿಧಾನದ 253ನೇ ವಿಧಿಯಲ್ಲಿ ಒಪ್ಪಂದ ಜಾರಿಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. ಅದನ್ನು ಹಿಂದೆ ಬಳಸಿದ್ದೂ ಇದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಜಾರಿ ಮಾಡಲೆಂದೇ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಕಾನೂನು ಇಲ್ಲದ ಕಡೆ ಕೋರ್ಟುಗಳು ಒಪ್ಪಂದವನ್ನು ಮೂಲಭೂತ ಹಕ್ಕುಗಳ ಜೊತೆ ಸೇರಿಸಿ ಓದಿದ್ದೂ ಇದೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಬಂದ 1997ರ ವಿಶಾಖಾ ತೀರ್ಪಿನಂತೆ. ಹವಾಮಾನದಲ್ಲಿ ಇದು ಸುಲಭವಾಗಿಲ್ಲ. ಉತ್ತರಾಖಂಡದ ಒಂಬತ್ತು ವರ್ಷದ ಹುಡುಗಿಯೊಬ್ಬಳು, ಹವಾಮಾನಕ್ಕಾಗಿ ಸರ್ಕಾರ ಸಾಕಷ್ಟು ಮಾಡುತ್ತಿಲ್ಲ ಎಂದು, 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದಳು. ಪ್ಯಾರಿಸ್ ಒಪ್ಪಂದ ಸರ್ಕಾರದ ನೀತಿಗಳಲ್ಲಿ ಇಲ್ಲ ಎಂದು ಊಹಿಸಲು ಕಾರಣವಿಲ್ಲ ಎಂದು ಹೇಳಿ 2019ರ ಜನವರಿಯಲ್ಲಿ ಅರ್ಜಿಯನ್ನು ಮುಗಿಸಿದರು. ಇದೆಯೋ ಇಲ್ಲವೋ ಎಂದು ನೋಡುವ ಕೆಲಸವನ್ನೇ ಮಾಡಲಿಲ್ಲ ಎಂಬುದು ನನ್ನ ಬೇಸರ.

2024ರ ಮಾರ್ಚ್ 21ರ ರಣಜಿತ್‌ಸಿಂಹ ತೀರ್ಪು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ರಾಜಸ್ಥಾನ, ಗುಜರಾತಿನ ಬಯಲಿನಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದವು. ಸುಮಾರು 99 ಸಾವಿರ ಚದರ ಕಿಲೋಮೀಟರ್ ಪ್ರದೇಶದಲ್ಲಿ ಮೇಲೆ ಹಾದುಹೋಗುವ ತಂತಿಗಳಿಗೆ ಸುಪ್ರೀಂ ಕೋರ್ಟ್ 2021ರಲ್ಲಿ ತಡೆ ಹಾಕಿತ್ತು. ಇದರಿಂದ ಸೌರ, ಗಾಳಿ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ, ಪ್ಯಾರಿಸ್‌ನಲ್ಲಿ ಕೊಟ್ಟ ಮಾತು ತಪ್ಪುತ್ತದೆ ಎಂದು ಸರ್ಕಾರ ಹೇಳಿತು. ಕೋರ್ಟ್ ಆ ವಾದಕ್ಕೆ ಬೆಲೆ ಕೊಟ್ಟು ಹಳೆಯ ಆದೇಶವನ್ನು ಸಡಿಲಿಸಿತು, ತಜ್ಞರ ಸಮಿತಿ ಮಾಡಿತು. ಅದೇ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 (ಸಮಾನತೆ) ಮತ್ತು 21ನೇ (ಜೀವ) ವಿಧಿಗಳ ಹಕ್ಕು ಎಂದು ಮೊದಲ ಬಾರಿಗೆ ಸ್ಪಷ್ಟವಾಗಿ ಸಾರಿತು.

ಹಕ್ಕು ಸಿಕ್ಕಿತು, ಸಂತೋಷ. ಆದರೆ ಗಮನಿಸಿ, ಕಾನೂನಿನಲ್ಲಿ ಇಲ್ಲದ ಗುರಿಯನ್ನು ಇಲ್ಲಿ ಎತ್ತಿ ಹಿಡಿದದ್ದು ಸರ್ಕಾರ, ತನಗೆ ಬೇಕಾದ ಜಾಗದಲ್ಲಿ. ಅದೇ ಗುರಿಯನ್ನು ಪ್ರಜೆಯೊಬ್ಬ ಹೊಸ ಕಲ್ಲಿದ್ದಲು ಗಣಿಯ ವಿರುದ್ಧ ಹಿಡಿದರೆ ಕೋರ್ಟ್ ಅಷ್ಟೇ ಬೆಲೆ ಕೊಡುತ್ತಾ? ಬರೆದ ಕಾನೂನು ಇದ್ದಿದ್ದರೆ ಇಬ್ಬರ ಕೈಯಲ್ಲೂ ಒಂದೇ ಅಳತೆಕೋಲು ಇರುತ್ತಿತ್ತು.

ಚೂರುಪಾರು ಕಾನೂನು ಬರುತ್ತಿದೆ ಅನ್ನೋದೂ ನಿಜ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಇಂಗಾಲದ ಮಾರುಕಟ್ಟೆಗೆ ದಾರಿ ಮಾಡಿದರು. 2025ರ ಅಕ್ಟೋಬರ್‌ನಲ್ಲಿ, 1986ರ ಕಾಯ್ದೆಯಡಿ, ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮತ್ತು ಕ್ಲೋರ್-ಆಲ್ಕಲಿ (ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವ) ಕಾರ್ಖಾನೆಗಳಿಗೆ ಒಂದೊಂದಕ್ಕೂ ಬಿಡಿ ಗುರಿ ಕೊಟ್ಟರು. ಮೀರಿದರೆ ಇಂಗಾಲದ ಸರ್ಟಿಫಿಕೇಟ್ ಕೊಳ್ಳಬೇಕು, ಇಲ್ಲದಿದ್ದರೆ ಪರಿಹಾರ ಕಟ್ಟಬೇಕು. ಕಾರ್ಖಾನೆಗೆ ಗುರಿ ಇದೆ, ಗಡುವಿದೆ, ದಂಡವೂ ಇದೆ. ಆ ಗುರಿ ಕೊಟ್ಟ ಸರ್ಕಾರವನ್ನು ಕಟ್ಟುವ ಸೆಕ್ಷನ್ ಇನ್ನೂ ಬಂದಿಲ್ಲ.

ಹೇಗ್‌ನಿಂದ ಬಂದ ಅಭಿಪ್ರಾಯ

2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಒಂದು ಪ್ರಶ್ನೆ ಎತ್ತಿದರು: ಹವಾಮಾನ ಕಾಪಾಡಲು ದೇಶಗಳಿಗೆ ಕಾನೂನಿನಡಿ ಯಾವ ಹೊಣೆ ಇದೆ? ವನೌಟು ದೇಶ ಅದನ್ನು ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈ 23ರಂದು ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ ಒಮ್ಮತದ ಅಭಿಪ್ರಾಯ ಕೊಟ್ಟಿತು. ಎನ್‌ಡಿಸಿಯಲ್ಲಿ ಏನು ಬರೆಯಬೇಕು ಎಂಬುದು ಆಯಾ ದೇಶದ ಮನಸ್ಸಿಗೆ ಪೂರ್ತಿ ಬಿಟ್ಟದ್ದಲ್ಲ. ತನ್ನ ಕೈಲಾದ ಅತಿ ಹೆಚ್ಚಿನ ಪ್ರಯತ್ನ ಅದರಲ್ಲಿ ಕಾಣಬೇಕು. ಎಲ್ಲರ ಗುರಿಗಳೂ ಸೇರಿ ತಾಪಮಾನ ಏರಿಕೆಯನ್ನು 1.5 ಡಿಗ್ರಿಯಲ್ಲಿ ಹಿಡಿಯುವಂತಿರಬೇಕು. ಬರೆದದ್ದನ್ನು ಸಾಧಿಸಲು ಪ್ರಾಮಾಣಿಕವಾಗಿ ದುಡಿಯಬೇಕು. ಒಪ್ಪಂದದಿಂದ ಹೊರಗಿರುವ ದೇಶಕ್ಕೂ ವಾಡಿಕೆಯ ಅಂತರರಾಷ್ಟ್ರೀಯ ಕಾನೂನಿನಡಿ ಹೊಣೆ ತಪ್ಪುವುದಿಲ್ಲ. ಅಮೆರಿಕ ಎರಡನೇ ಬಾರಿ ಹೊರನಡೆದ ಸಮಯದಲ್ಲಿ ಈ ಮಾತಿಗೆ ತೂಕ ಇದೆ. ಅಲ್ಲಿ ಪ್ಯಾರಿಸ್ ಒಪ್ಪಂದವನ್ನು ಸೆನೆಟ್ ಮುಂದೆ ಇಟ್ಟೇ ಇರಲಿಲ್ಲ. ಅಧ್ಯಕ್ಷರ ಸಹಿಯಿಂದ ಒಳಗೆ ಬಂದದ್ದು ಇನ್ನೊಬ್ಬ ಅಧ್ಯಕ್ಷರ ಸಹಿಯಿಂದ ಹೊರಗೆ ಹೋಯಿತು.

ಈ ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಒಳದೇಶದ ನ್ಯಾಯಾಧೀಶರು ಇದನ್ನು ಓದುತ್ತಾರೆ, ವಕೀಲರು ಉಲ್ಲೇಖಿಸುತ್ತಾರೆ. ಅದರಾಚೆ ಎಷ್ಟು ದೂರ ಹೋಗುತ್ತದೆ ಎಂಬುದು ಆ ದೇಶದ ಕಾನೂನಿಗೆ ಬಿಟ್ಟದ್ದು. ಹೇಗ್‌ನ ಅಭಿಪ್ರಾಯ ಬರುವುದಕ್ಕೆ ಎಂಟು ದಿನ ಮೊದಲು ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಟೊರೆಸ್ ಜಲಸಂಧಿಯ ದ್ವೀಪವಾಸಿಗಳ ಕೇಸನ್ನು ವಜಾ ಮಾಡಿತ್ತು. ಅವರ ಸಂಕಟ ನಿಜ, ವಿಜ್ಞಾನ ನಿಜ, ಆದರೆ ಈಗಿರುವ ನಿರ್ಲಕ್ಷ್ಯದ ಕಾನೂನಿನಲ್ಲಿ ಪರಿಹಾರಕ್ಕೆ ಜಾಗವಿಲ್ಲ ಎಂದು. ಅಲ್ಲಿ 2022ರ ಹವಾಮಾನ ಕಾಯ್ದೆ ಇದೆ. ಅದರಲ್ಲಿ 43 ಶೇಕಡಾ ಇಳಿಕೆ ಎಂಬ ಗುರಿಯೂ ಇದೆ. ಆದರೂ ಆ ದ್ವೀಪವಾಸಿಗಳಿಗೆ ಪರಿಹಾರ ಸಿಗಲಿಲ್ಲ.

ಕೋರ್ಟ್ ಗೆದ್ದುಕೊಟ್ಟರೂ ಕೆಲಸ ಮುಗಿಯುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಸಂಘದ ಪರ ತೀರ್ಪು ಕೊಟ್ಟಿತು. ದೇಶದ ಇಂಗಾಲ ಬಜೆಟ್ ಎಷ್ಟು ಎಂದು ಸರ್ಕಾರ ಲೆಕ್ಕವೇ ಹಾಕಿಲ್ಲ ಎಂಬುದು ಮುಖ್ಯ ದೂರು. ಎರಡೇ ತಿಂಗಳಲ್ಲಿ ಸ್ವಿಸ್ ಸಂಸತ್ತಿನ ಎರಡೂ ಸದನಗಳು, ನಾವು ಸಾಕಷ್ಟು ಮಾಡುತ್ತಿದ್ದೇವೆ, ಇನ್ನೇನೂ ಮಾಡಬೇಕಿಲ್ಲ ಎಂದು ಹೇಳಿಕೆ ಅಂಗೀಕರಿಸಿದವು.

ಈಗ 2035ರ ಗುರಿಗಳ ಸರದಿ. ಸುದ್ದಿಯಲ್ಲಿ ಮೊದಲು ಬರುವುದು ಶೇಕಡಾ ಅಂಕಿ. ಅದರ ಜೊತೆ ಸಂಸತ್ತಿಗೆ ಮಸೂದೆಯೂ ಹೋಯಿತಾ ನೋಡಿ. ಹೋಗಿದ್ದರೆ ಕರ್ತವ್ಯವನ್ನು ಯಾವ ಮಂತ್ರಿಯ ಮೇಲೆ ಹೊರಿಸಿದ್ದಾರೆ, 2031ಕ್ಕೆ ಎಷ್ಟು, 2032ಕ್ಕೆ ಎಷ್ಟು ಎಂದು ಬರೆದಿದ್ದಾರಾ, ಲೆಕ್ಕ ತಪ್ಪಿದಾಗ ಕೋರ್ಟಿಗೆ ಹೋಗಲು ಯಾರಿಗೆ ಅವಕಾಶ ಇದೆ ಎಂದು ಹುಡುಕಿ. ಇವು ಸಾಮಾನ್ಯವಾಗಿ ಮಸೂದೆಯ ಮೊದಲ ಕೆಲವು ಸೆಕ್ಷನ್‌ಗಳಲ್ಲೇ ಸಿಗುತ್ತವೆ.